ಹೊಟ್ಟಿ ಅಂದರ ಒಂದ ಅಲ್ಲ: ಉಂಡ ಅನ್ನದ ದಾರಿ, ಅದರ ಹೆಸರುಗಳು

(ಸಂಘದ ರಜತ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಾಲ, ಬೀಜ, ಗೊಬ್ಬರ, ತೊಗರಿಯ ಧಾರಣೆ ಇವುಗಳ ಬಗ್ಗೆ ನನಗಿಂತ ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ನನ್ನ ಪಾಲಿಗೆ ಬಂದಿರುವ ವಿಷಯ ಹೊಟ್ಟೆ. ಊಟದ ಹೊತ್ತು ಸಮೀಪಿಸಿದಾಗ ಹೊಟ್ಟೆಯ ಮೇಲೆ ಭಾಷಣ ಮಾಡುವುದು ಕೇಳುವವರಿಗೂ ಕಷ್ಟ, ಹೇಳುವವನಿಗೂ ಕಷ್ಟ. ಅಡಿಗೆ ಮನೆಯ ವಾಸನೆ ಇಲ್ಲಿಯ ತನಕ ಬರಾಕತ್ತದ. ಆದರೂ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ವಿನಂತಿ.

ನಮ್ಮ ಭಾಗದಾಗ ಹೊಟ್ಟಿ ಅಂಬೋ ಶಬ್ದ ಎದಿ ಕೆಳಗಿನಿಂದ ತೊಡಿ ತನಕ ಎಲ್ಲಾದಕ್ಕೂ ನಡೀತದ. ಹೊಟ್ಟಿ ಬ್ಯಾನಿ, ಹೊಟ್ಟಿ ಕಡಿತ, ಹೊಟ್ಟಿ ಉಬ್ಬರ, ಹೊಟ್ಟಿ ಝಾಡಿಸೂದು ಎಲ್ಲಾ ಒಂದೇ ಹೊಟ್ಟಿ. ಇದರ ಜೋಡಿ ಇನ್ನೊಂದು ಶಬ್ದ ಬಂದು ಕುಂತದ, ಅದು ‘ಗ್ಯಾಸ್’. ಎದಿ ಉರಿದರೂ ಗ್ಯಾಸ್, ಬೆನ್ನು ಹಿಡಿದರೂ ಗ್ಯಾಸ್, ತಲಿ ತಿರುಗಿದರೂ ಗ್ಯಾಸ್. ದವಾಖಾನಿಗೆ ಹೋದಾಗ ಡಾಕ್ಟರು “ಎಲ್ಲಿ ನೋವದ?” ಅಂತ ಕೇಳಿದರೆ ನಾವು ಇಡೀ ಹೊಟ್ಟೆಯ ಮೇಲೆ ಅಂಗೈ ಆಡಿಸಿ “ಇಲ್ಲೆಲ್ಲಾ” ಅಂತೀವಿ. ಹೊಲದಾಗ ಬದುವು ಎಲ್ಲಿ, ಬಾವಿ ಎಲ್ಲಿ, ಯಾವ ಮೂಲ್ಯಾಗ ನೀರು ನಿಲ್ತದ ಅಂತ ಹೇಳಬಲ್ಲ ಮನುಷ್ಯನಿಗೆ ತನ್ನ ಒಳಗಿನ ನಕ್ಷೆ ಗೊತ್ತಿಲ್ಲ. ಹೆಸರು ಗೊತ್ತಿಲ್ಲದ ಜಾಗದ ರೋಗವನ್ನು ತಿಳಿಸಿ ಹೇಳಲಿಕ್ಕೆ ಬರುವುದಿಲ್ಲ, ತಿಳಿಸಿ ಹೇಳದಿದ್ದರೆ ಔಷಧ ತಡವಾಗುತ್ತದೆ. ಇವತ್ತು ನಾನು ಕೆಲವು ಹೆಸರುಗಳನ್ನು ಹೇಳುವುದು ಪರೀಕ್ಷೆಗಾಗಿ ಅಲ್ಲ, ಈ ಕಾರಣಕ್ಕಾಗಿ.

ಬಾಯಿಯಿಂದ ಪ್ರಾರಂಭಿಸೋಣ. ಬಾಯಿಯಲ್ಲಿ ಊರುವ ರಸಕ್ಕೆ ಪುಸ್ತಕದಲ್ಲಿ ಲಾಲಾರಸ ಎನ್ನುತ್ತಾರೆ, ನಾವು ಜೊಲ್ಲು, ಉಗುಳು ಅಂತೀವಿ. ಎಂಜಲು ಅಂತ ದೂರ ಇಡುವ ಇದೇ ರಸ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಹುಟ್ಟುತ್ತದೆ. ಮಕ್ಕಳು ಇವತ್ತೇ ಒಂದು ಪ್ರಯೋಗ ಮಾಡಿ ನೋಡಬಹುದು: ಒಣ ಜೋಳದ ರೊಟ್ಟಿಯ ಒಂದು ತುಣುಕನ್ನು ಪಲ್ಯ ಹಚ್ಚದೆ ಬಾಯಿಗೆ ಹಾಕಿಕೊಂಡು ನುಂಗದೆ ಒಂದೆರಡು ನಿಮಿಷ ಅಗಿಯಿರಿ. ಕಡೆಗೆ ಸಿಹಿ ಹತ್ತುತ್ತದೆ. ರೊಟ್ಟಿಯಲ್ಲಿರುವುದು ಪಿಷ್ಟ. ಜೊಲ್ಲಿನೊಳಗಿನ ಒಂದು ಕಿಣ್ವ ಅದನ್ನು ಒಡೆದು ಸಕ್ಕರೆಯ ಕಡೆಗೆ ತಿರುಗಿಸುತ್ತದೆ. ಕಿಣ್ವ ಅಂದರೆ ತಾನು ಖರ್ಚಾಗದೆ ಇನ್ನೊಂದನ್ನು ಬದಲು ಮಾಡುವ ವಸ್ತು. ಅಂದರೆ ಪಚನ ಶುರುವಾಗುವುದು ಹೊಟ್ಟೆಯಲ್ಲಲ್ಲ, ಬಾಯಲ್ಲಿ. ಬಸ್ಸು ಹೋಗತದ ಅಂತ ಗಬಗಬ ನುಂಗಿದವರು ಹಲ್ಲಿನ ಕೆಲಸವನ್ನು ಹೊಟ್ಟೆಗೆ ಹೊರಿಸಿದಂತೆ.

ಗಂಟಲಲ್ಲಿ ದಾರಿ ಎರಡಾಗುತ್ತದೆ. ಮುಂದಿನದು ಶ್ವಾಸನಾಳ, ಹಿಂದಿನದು ಅನ್ನನಾಳ. ನುಂಗುವಾಗ ಶ್ವಾಸನಾಳದ ಬಾಯಿಗೆ ಒಂದು ಸಣ್ಣ ಮುಚ್ಚಳ ಬಂದು ಕೂಡುತ್ತದೆ. ಮಾತಾಡುತ್ತ, ನಗುತ್ತ ಉಂಡರೆ ಮುಚ್ಚಳ ಬೀಳುವುದರೊಳಗೆ ಒಂದು ಅಗುಳು ಆ ಕಡೆ ಜಾರುತ್ತದೆ. ‘ನೆತ್ತಿಗಿ ಹತ್ತಿತು’ ಅಂತ ನಾವು ತಲಿ ಬಡೀತೀವಿ. ಹತ್ತಿದ್ದು ನೆತ್ತಿಗಲ್ಲ, ಉಸಿರಿನ ಕೊಳವಿಗೆ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ, ಒಂದು ಗೇಣಿಗಿಂತ ಚೂರು ಹೆಚ್ಚು. ತುತ್ತು ಅದನ್ನು ದಾಟಲು ಹತ್ತು ಸೆಕೆಂಡು ಸಾಕು.

ಅನ್ನನಾಳ ಮುಟ್ಟುವುದು ಜಠರವನ್ನು. ಖರೆ ಅರ್ಥದಲ್ಲಿ ಹೊಟ್ಟೆ ಅಂದರೆ ಇದು. ಇದು ಇರುವ ಜಾಗ ಬಹಳ ಮಂದಿ ತಿಳಿದಂತೆ ಹೊಕ್ಕಳದ ಹತ್ತಿರ ಅಲ್ಲ. ಎದೆಗೂಡಿನ ಕೆಳಗೆ, ಸ್ವಲ್ಪ ಎಡಕ್ಕೆ. ಒಂದರಿಂದ ಒಂದೂವರೆ ಲೀಟರ್ ಹಿಡಿಯುವ ಚರ್ಮದ ಚೀಲದಂತಹದು. ಒಳಗೆ ಹೈಡ್ರೋಕ್ಲೋರಿಕ್ ಆಮ್ಲ ಊರುತ್ತದೆ, ಅನ್ನವನ್ನು ಮೂರು ನಾಲ್ಕು ತಾಸು ಕಲಸಿ ಕಲಸಿ ಅಂಬಲಿಯಂತೆ ಮಾಡುತ್ತದೆ. ಈ ಆಮ್ಲ ಮೇಲಕ್ಕೆ ಉಕ್ಕಿ ಅನ್ನನಾಳಕ್ಕೆ ತಾಗಿದರೆ ಬರುವುದೇ ಎದಿ ಉರಿ, ಹುಳಿ ತೇಗು. ಉಂಡ ಕೂಡಲೇ ಮಲಗುವವರಿಗೆ ಇದು ಹೆಚ್ಚು.

ಜಠರದೊಳಗೆ ಏನು ನಡೆಯುತ್ತದೆ ಎಂಬುದು ಜಗತ್ತಿಗೆ ಗೊತ್ತಾದ ಬಗೆಯೇ ಒಂದು ಕತೆ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ತುಪ್ಪಳ ವ್ಯಾಪಾರದ ಕೂಲಿಯಾಗಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಹುಡುಗನಿಗೆ ಆಕಸ್ಮಾತ್ ಬಂದೂಕಿನ ಗುಂಡು ತಾಗಿತು. ಬದುಕಿದ, ಆದರೆ ಹೊಟ್ಟೆಯ ತೂತು ಮುಚ್ಚಲಿಲ್ಲ. ವಿಲಿಯಂ ಬ್ಯೂಮಾಂಟ್ ಎಂಬ ಸೇನಾ ವೈದ್ಯ ಆ ತೂತಿನೊಳಗೆ ರೇಷ್ಮೆ ದಾರಕ್ಕೆ ಕಟ್ಟಿದ ಮಾಂಸ, ರೊಟ್ಟಿ, ಕೋಸಿನ ಚೂರುಗಳನ್ನು ಇಳಿಬಿಟ್ಟು, ಎಷ್ಟು ಹೊತ್ತಿಗೆ ಯಾವುದು ಕರಗಿತು ಎಂದು ವರ್ಷಗಟ್ಟಲೆ ಬರೆದಿಟ್ಟ. 1833ರಲ್ಲಿ ಪುಸ್ತಕ ಬಂತು. ವೈದ್ಯ ಪ್ರಸಿದ್ಧನಾದ, ಹೊಟ್ಟೆ ಕೊಟ್ಟ ಕೂಲಿಯವ ಬಡವನಾಗಿಯೇ ಉಳಿದ. ನನಗೆ ಈ ಕತೆಯಲ್ಲಿ ಅವನ ಮೇಲೆಯೇ ಮನಸ್ಸು ಹೋಗುತ್ತದೆ.

ಇನ್ನು ಅಲ್ಸರ್. ಜಠರದ ಒಳಗೋಡೆಯ ಹುಣ್ಣು. “ನಮ್ಮ ಕಲಬುರಗಿ ಖಾರ ಉಂಡ್ರ ಅಲ್ಸರ್ ಆಗದ ಇರ್ತದೇನ್ರಿ?” ಅಂತ ಎಲ್ಲರೂ ಕೇಳ್ತಾರ. ಖಾರ ಇದ್ದ ಹುಣ್ಣನ್ನು ಉರಿಸಬಹುದು, ಆದರೆ ಬಹುತೇಕ ಹುಣ್ಣು ಹುಟ್ಟುವುದು ಬೇರೆ ಎರಡು ಕಾರಣದಿಂದ. ಒಂದು, ಹೆಲಿಕೋಬ್ಯಾಕ್ಟರ್ ಎಂಬ ರೋಗಾಣು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಇದನ್ನು ಕಂಡರು, ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ರೋಗಾಣು ಬೆಳೆಸಿದ ನೀರನ್ನು ತಾನೇ ಕುಡಿದು ಜಠರದ ಉರಿಯೂತ ತರಿಸಿಕೊಂಡು ತೋರಿಸಿದ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಹುಣ್ಣು ಡಾಕ್ಟರು ಬರೆದುಕೊಟ್ಟ ಗುಳಿಗೆಗಳಿಂದ ವಾಸಿಯಾಗುತ್ತದೆ, ಪಥ್ಯದಿಂದ ಮಾತ್ರ ಅಲ್ಲ. ಎರಡನೆಯದು ನಮ್ಮ ಊರುಗಳಿಗೆ ಹೆಚ್ಚು ಸಂಬಂಧಿಸಿದ್ದು: ನೋವಿನ ಗುಳಿಗಿ. ರಾಶಿ ಕಾಲದಾಗ ದಿನಾ ಸೊಂಟ ಹಿಡೀತದ, ದಿನಾ ಅಂಗಡಿಯಿಂದ ಒಂದು ಗುಳಿಗಿ ತಂದು ಖಾಲಿ ಹೊಟ್ಟೀಲೆ ನುಂಗೋದು. ತಿಂಗಳುಗಟ್ಟಲೆ ಹೀಗೆ ಮಾಡಿದರೆ ಜಠರದ ಗೋಡೆ ಹುಣ್ಣಾಗಿ ಒಳಗೊಳಗೇ ರಕ್ತ ಸೋರುತ್ತದೆ. ಸಂಡಾಸು ಡಾಂಬರಿನಂತೆ ಕರ್ರಗೆ, ಅಂಟಂಟಾಗಿ ಬಂದರೆ ಅದು ಒಳಗಿನ ರಕ್ತ. ಕಬ್ಬಿಣದ ಗುಳಿಗಿ ತಗೊಳ್ಳೋರಿಗೂ ಸಂಡಾಸು ಕಪ್ಪಾಗತದ, ಅದಕ್ಕ ಅಂಜಬೇಕಾಗಿಲ್ಲ. ಗುಳಿಗಿ ಇಲ್ಲದೆ ಕಪ್ಪಾದರೆ ಅವತ್ತೇ ದವಾಖಾನಿಗಿ ಹೋಗಬೇಕು.

ಈಗ ‘ಗ್ಯಾಸ್’ ಮಾತಿಗೆ ಬರುತ್ತೇನೆ. ಈ ಉಪನ್ಯಾಸದಾಗ ಉಳಿದದ್ದೆಲ್ಲಾ ಮರೆತರೂ ಇದೊಂದು ನೆನಪಿಡ್ರಿ. ಜಠರ ಮತ್ತು ಹೃದಯದ ನಡುವೆ ಇರುವುದು ಒಂದು ತೆಳ್ಳನೆ ಪರದೆ, ಅದರ ಹೆಸರು ವಪೆ. ಕೆಳಗಿನ ಮನೆಯ ನೋವು, ಮೇಲಿನ ಮನೆಯ ನೋವು ಒಂದೇ ಜಾಗದಾಗ ಬಂದಂಗ ಅನಸ್ತದ. ಎದೆಯ ನಡುವೆ ಕಲ್ಲು ಇಟ್ಟಂತೆ ಭಾರ, ಮೈಯೆಲ್ಲಾ ತಣ್ಣನೆ ಬೆವರು, ಎಡಗೈಗೋ ದವಡೆಗೋ ಬೆನ್ನಿಗೋ ಹರಿದಾಡುವ ನೋವು, ಏದುಸಿರು ಇವು ಗ್ಯಾಸಿನ ಲಕ್ಷಣ ಅಲ್ಲ, ಹೃದಯಾಘಾತದ ಲಕ್ಷಣ. ಸಕ್ಕರೆ ಕಾಯಿಲೆ ಇದ್ದವರಿಗೆ, ಹೆಣ್ಣುಮಕ್ಕಳಿಗೆ ಎದೆ ನೋವೇ ಇಲ್ಲದೆ ಮೇಲ್ಹೊಟ್ಟೆಯ ಸಂಕಟ, ವಾಂತಿ ಬಂದಂಗ ಆಗೋದು ಇಷ್ಟರಲ್ಲೇ ಅದು ಬಂದು ಹೋಗಬಹುದು. ಅಂತಹ ಹೊತ್ತಿನಾಗ “ಗ್ಯಾಸ್ ಆಗ್ಯಾದ, ಸೋಡಾ ಕುಡಸ್ರಿ, ಬೆನ್ನು ತಿಕ್ಕ್ರಿ” ಅಂತ ಎರಡು ತಾಸು ಕಳೆದರೆ ಆ ಎರಡು ತಾಸು ತಿರುಗಿ ಬರುವುದಿಲ್ಲ. ನಮಗೆ ಕಲಬುರಗಿ ದೂರ ಇಲ್ಲ. ಅಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯೇ ಇದೆ, ಸರ್ಕಾರಿ ಜಿಮ್ಸ್ ಇದೆ. 108ಕ್ಕೆ ಫೋನ್ ಮಾಡಿ, ಒಂದು ಇಸಿಜಿ ತೆಗೆಸಿ, ಆಮೇಲೆ ಗ್ಯಾಸ್ ಅಂತ ಡಾಕ್ಟರು ಹೇಳಲಿ, ನಾವು ಹೇಳೋದು ಬ್ಯಾಡ.

ಮುಂದಕ್ಕೆ ಹೋಗೋಣ. ಜಠರ ದಾಟಿದರೆ ಸಣ್ಣ ಕರುಳು, ನಮ್ಮ ಮಾತಿನಾಗ ಸಣ್ಣ ಕಳ್ಳು. ಹೆಸರಿಗೆ ಸಣ್ಣದು, ಉದ್ದ ಸುಮಾರು 6 ಮೀಟರ್, ಅಂದರೆ 20 ಅಡಿ. ಸಣ್ಣ ಅಂದದ್ದು ದಪ್ಪದ ಲೆಕ್ಕದಾಗ. ಇದರ ಮೊದಲ ಭಾಗಕ್ಕೆ ಡಿಯೋಡಿನಮ್ ಎಂದು ಹೆಸರು. ಲ್ಯಾಟಿನ್ ಮಾತಿನಲ್ಲಿ ಹನ್ನೆರಡು ಬೆರಳು ಎಂದು ಅರ್ಥ, ಹನ್ನೆರಡು ಬೆರಳು ಜೋಡಿಸಿದಷ್ಟು ಉದ್ದ ಇದ್ದದ್ದಕ್ಕೆ. ನೋಡ್ರಿ, ದೊಡ್ಡ ಶಬ್ದ ಅಂತ ಅಂಜತೀವಿ, ಇಟ್ಟವರು ನಮ್ಮಂಗ ಬೆರಳಿನಿಂದಲೇ ಅಳೆದವರು.

ಇಲ್ಲಿ ಎರಡು ಕಡೆಯಿಂದ ರಸ ಬಂದು ಕೂಡುತ್ತದೆ. ಬಲಗಡೆ ಪಕ್ಕೆಲುಬಿನ ಕೆಳಗೆ ಇರುವುದು ಯಕೃತ್ತು, ಲಿವರ್. ಒಂದೂವರೆ ಕಿಲೋ ತೂಕದ, ದೇಹದ ಒಳಗಿನ ಅತಿ ದೊಡ್ಡ ಅಂಗ. ಮಾಂಸದ ಅಂಗಡಿಯಲ್ಲಿ ಕಲೀಜ ಅಂತ ಕೇಳಿ ತರುವವರಿಗೆ ಪರಿಚಯ ಮಾಡಿಸಬೇಕಾಗಿಲ್ಲ. ಇದು ಹಳದಿ ಹಸಿರಿನ ಪಿತ್ತರಸವನ್ನು ತಯಾರಿಸುತ್ತದೆ, ಅದರ ಕೆಳಗಿನ ಪಿತ್ತಕೋಶ ಎಂಬ ಸಣ್ಣ ಚೀಲ ಅದನ್ನು ಕೂಡಿಟ್ಟುಕೊಂಡು ಎಣ್ಣೆ, ತುಪ್ಪ, ಕೊಬ್ಬು ಬಂದಾಗ ಬಿಡುತ್ತದೆ. ಜಿಡ್ಡಿನ ಬೋಗುಣಿಗೆ ಸಾಬೂನು ಹೇಗೋ ಕೊಬ್ಬಿಗೆ ಪಿತ್ತ ಹಾಗೆ. ಪಿತ್ತ ಅಂದರೆ ರೋಗ ಅಲ್ಲ, ಬೇಕಾದ ರಸ. ಅದರ ಬಣ್ಣ ರಕ್ತದಲ್ಲಿ ಉಳಿದು ಕಣ್ಣು, ಮೂತ್ರ ಹಳದಿಯಾದರೆ ಕಾಮಣಿ. ಕಾಮಣಿ ಕೂಡ ಒಂದೇ ರೋಗ ಅಲ್ಲ. ಹೊಲಸು ನೀರಿನಿಂದ ಬಂದದ್ದು ಬಹುಪಾಲು ವಿಶ್ರಾಂತಿಯಿಂದ ತಾನೇ ಇಳಿಯುತ್ತದೆ, ಪಿತ್ತನಾಳದಾಗ ಹರಳು ಸಿಕ್ಕು ಬಂದದ್ದು ಇಳಿಯುವುದಿಲ್ಲ, ಕುಡಿತದಿಂದ ಯಕೃತ್ತು ಗಟ್ಟಿಯಾಗಿ ಬಂದದ್ದರ ಕತೆ ಬೇರೆ. ಔಷಧಿ ಕಟ್ಟಿಸೋದಕ್ಕಿಂತ ಮೊದಲು ರಕ್ತ ಪರೀಕ್ಷೆ ಮಾಡಿಸಿ ಯಾವುದು ಅಂತ ತಿಳಕೊಳ್ರಿ. ಎರಡನೆಯ ರಸ ಬರುವುದು ಜಠರದ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯಿಂದ. ಇನ್ಸುಲಿನ್ ಹುಟ್ಟುವುದೂ ಅಲ್ಲೇ, ಅದು ಕಡಿಮೆಯಾದರೆ ಅಥವಾ ನಾಟದೆ ಹೋದರೆ ಸಕ್ಕರೆ ಕಾಯಿಲೆ.

ಸಣ್ಣ ಕರುಳಿನ ಒಳಗೋಡೆ ನುಣ್ಣಗಿಲ್ಲ, ಕಂಬಳಿಯ ಜುಂಗಿನಂತೆ ಲಕ್ಷಾಂತರ ಸಣ್ಣ ಎಳೆಗಳಿವೆ. ಬಿಡಿಸಿ ಹಾಸಿದರೆ ಸುಮಾರು 30 ಚದರ ಮೀಟರ್, ಒಂದು ದೊಡ್ಡ ಪಡಸಾಲಿಯಷ್ಟು. ಉಂಡದ್ದು ರಕ್ತ ಸೇರುವುದು ಇಲ್ಲಿಂದ. ಇದಾದ ಮೇಲೆ ದೊಡ್ಡ ಕರುಳು, ಒಂದೂವರೆ ಮೀಟರ್. ಉಳಿದ ನೀರನ್ನು ಹೀರಿಕೊಂಡು ಮಲವನ್ನು ಗಟ್ಟಿ ಮಾಡುವುದು ಇದರ ಕೆಲಸ. ಎರಡು ಕರುಳು ಕೂಡುವ ಜಾಗ ಕೆಳಹೊಟ್ಟೆಯ ಬಲಬದಿ, ಅಲ್ಲಿ ಒಂದು ಸಣ್ಣ ಬಾಲದಂತಹ ಅಪೆಂಡಿಕ್ಸ್ ಇದೆ. ನೋವು ಹೊಕ್ಕಳದ ಸುತ್ತ ಶುರುವಾಗಿ ಕೆಲವು ತಾಸಿನೊಳಗೆ ಬಲಗಡೆ ಕೆಳಕ್ಕೆ ಇಳಿದು ನಿಂತರೆ, ಜ್ವರ, ವಾಂತಿ ಕೂಡಿದರೆ ಜುಲಾಬಿನ ಔಷಧಿ ಕೊಡಬೇಡಿ, ಹೊಟ್ಟಿ ತಿಕ್ಕಬೇಡಿ. ಅದು ಒಡೆಯುವುದರೊಳಗೆ ಶಸ್ತ್ರಚಿಕಿತ್ಸೆ ಆಗಬೇಕು.

ಸಂಘದವರಿಗೆ ಜಮಾ-ಖರ್ಚು ಚೆನ್ನಾಗಿ ಗೊತ್ತು. ಕರುಳಿನ ವಹಿ ನೋಡ್ರಿ. ಕುಡಿದದ್ದು, ಉಂಡದ್ದು, ಜೊಲ್ಲು, ಜಠರರಸ, ಪಿತ್ತ ಎಲ್ಲಾ ಸೇರಿ ದಿನಕ್ಕೆ 8-9 ಲೀಟರ್ ದ್ರವ ಸಣ್ಣ ಕರುಳಿಗೆ ಜಮಾ ಆಗುತ್ತದೆ. ಹೊರಗೆ ಹೋಗುವುದು ನೂರರಿಂದ ಇನ್ನೂರು ಮಿಲಿಲೀಟರ್ ಮಾತ್ರ. ಉಳಿದದ್ದೆಲ್ಲಾ ದೇಹಕ್ಕೆ ವಾಪಸ್. ವಾಂತಿ-ಭೇದಿ ಆದಾಗ ಈ ವಾಪಸಾತಿ ನಿಂತುಹೋಗುತ್ತದೆ, ಕೂಸಿನ ಮೈಯಾಗಿನ ನೀರು ತಾಸಿನ ಲೆಕ್ಕದಾಗ ಖಾಲಿಯಾಗತದ. ಕೂಸು ಸಾಯುವುದು ಭೇದಿಯಿಂದ ಅಲ್ಲ, ನೀರು ತೀರಿದ್ದರಿಂದ. ಆದರ ನಮ್ಮ ಮನಿಗಳಾಗ ಹಿರಿಯರು ಏನಂತಾರ? “ಹೊಟ್ಟಿ ಝಾಡಿಸಾಕತ್ತದ, ನೀರು ಕುಡಸಬ್ಯಾಡ್ರಿ, ಮತ್ತ ಹೋಗತದ.” ಪ್ರೀತಿಯಿಂದ ಹೇಳಿದ ಮಾತೇ, ಆದರೆ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ.

ಇದಕ್ಕೆ ಔಷಧಿ ಹುಡುಕಿದ್ದರಲ್ಲಿ ನಮ್ಮ ದೇಶದವರ ಪಾಲೂ ಇದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ಲಕ್ಷಾಂತರ ಜನ ಪಶ್ಚಿಮ ಬಂಗಾಳದ ಶಿಬಿರಗಳಲ್ಲಿ ಇದ್ದರು, ಕಾಲರಾ ಬಂತು. ಬನಗಾಂವ್ ಆಸ್ಪತ್ರೆಯಲ್ಲಿ ಸಲಾಯಿನ್ ತೀರುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿ, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಇಪ್ಪತ್ತು ಮೂವತ್ತು ಮಂದಿ ಸಾಯುತ್ತಿದ್ದ ಜಾಗದಲ್ಲಿ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು, 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಗುಟ್ಟು ಇಷ್ಟೇ: ಭೇದಿಯಲ್ಲೂ ಕರುಳಿನ ಒಂದು ಬಾಗಿಲು ತೆರೆದೇ ಇರುತ್ತದೆ. ಆ ಬಾಗಿಲಿನಾಗ ಉಪ್ಪು, ಸಕ್ಕರಿ ಕೂಡಿಯೇ ಒಳಗ ಹೋಗಬೇಕು, ಅವುಗಳ ಬೆನ್ನಿಗೆ ನೀರು ಹೋಗತದ. ಬರೀ ನೀರು ಅಷ್ಟು ಹೋಗೂದಿಲ್ಲ.

ಅದೇ ಓಆರ್‌ಎಸ್. ಆಶಾ ಕಾರ್ಯಕರ್ತೆಯರ ಹತ್ತಿರ, ಆರೋಗ್ಯ ಕೇಂದ್ರದಲ್ಲಿ ಪಾಕೀಟು ಸಿಗುತ್ತದೆ. ಪಾಕೀಟಿನ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಇಡೀ ಪಾಕೀಟು ಹಾಕಬೇಕು. ಅರ್ಧ ಇವತ್ತು, ಅರ್ಧ ನಾಳೆ ಅಂತ ಉಳಿಸಬಾರದು. ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಚಮಚದ ಮಟ್ಟಕ್ಕೆ ಸರಿಯಾಗಿ, ಗುಡ್ಡಿ ಹಾಕದೆ. ನಾಲಿಗೆಗೆ ಕಣ್ಣೀರಿಗಿಂತ ಹೆಚ್ಚು ಉಪ್ಪು ಹತ್ತಬಾರದು. ಜೊತೆಗೆ 14 ದಿನ ಜಿಂಕ್ ಗುಳಿಗೆ. ತಾಯಿಹಾಲು ನಿಲ್ಲಿಸಕೂಡದು. ಅಂಗಡಿಯಾಗ ಓಆರ್‌ಎಸ್ ಅಂತ ಹೆಸರು ಬರೆದ ಸಿಹಿ ಪಾನಕದ ಡಬ್ಬಿಗಳನ್ನು ಮಾರುತ್ತಿದ್ದರು. ಸೂತ್ರದ ಪ್ರಕಾರ ಇಲ್ಲದ ಪಾನೀಯಕ್ಕೆ ಆ ಹೆಸರು ಹಾಕಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿತು. ಹೆಸರಿಗೆ ಎಷ್ಟು ಬೆಲೆ ಇದೆ ಅಂತ ಇದರಿಂದಲೇ ತಿಳೀತದ. ಕೂಸಿನ ಕಣ್ಣು ಒಳಗೆ ಹೋದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಹಾಗೇ ನಿಂತರೆ, ಸಂಡಾಸಿನಲ್ಲಿ ರಕ್ತ ಬಂದರೆ ಮನೆಯಲ್ಲಿ ಕೂಡಬೇಡಿ.

ದಾರಿಯ ಮಾತು ಆಯಿತು. ಇನ್ನು ಆ ದಾರಿಯಾಗ ಏನು ಕಳಿಸಬೇಕು ಎಂಬ ಮಾತು. ಹಳೆಯ ಪಠ್ಯಪುಸ್ತಕಗಳಲ್ಲಿ ಶರ್ಕರಪಿಷ್ಟ, ಸಸಾರಜನಕ, ಮೇದಸ್ಸು, ಅನ್ನಾಂಗ ಎಂಬ ಶಬ್ದಗಳಿದ್ದವು. ಸಸಾರಜನಕ ಅನ್ನೋದು ಬಾಯಾಗ ತಿರುಗೋದರೊಳಗ ಊಟ ಮುಗೀತದ. ಪ್ರೋಟೀನ್ ಅಂದರೇ ಸಾಕು. ಹಿಟ್ಟಿನ ಪದಾರ್ಥ ಶಕ್ತಿಗೆ, ಪ್ರೋಟೀನ್ ಮಾಂಸಖಂಡ ಕಟ್ಟಲು, ಕೊಬ್ಬು ಶಕ್ತಿಯ ದಾಸ್ತಾನಿಗೆ. ಜೀವಸತ್ವ ಮತ್ತು ಖನಿಜ ಚೂರೇ ಚೂರು ಬೇಕು, ಇಲ್ಲದಿದ್ದರೆ ಉಳಿದದ್ದು ಕೆಲಸಕ್ಕೆ ಬರುವುದಿಲ್ಲ. ನಾರು ಜೀರ್ಣವಾಗುವುದಿಲ್ಲ, ಆದರೆ ಅದಿಲ್ಲದೆ ದೊಡ್ಡ ಕರುಳು ಸರಾಗ ನಡೆಯುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕ ನೋಡಿದರೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 8 ಗ್ರಾಂ ಪ್ರೋಟೀನ್, 3 ಗ್ರಾಂ ಒಳಗೆ ನಾರು, 1 ಮಿಲಿಗ್ರಾಂಗಿಂತ ಕಡಿಮೆ ಕಬ್ಬಿಣ. ತೊಗರಿ ಬ್ಯಾಳಿಯಲ್ಲಿ 22 ಗ್ರಾಂ ಪ್ರೋಟೀನ್, ಶೇಂಗಾದಲ್ಲಿ 24 ಗ್ರಾಂ ಹತ್ತಿರ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ದೇಶಕ್ಕೆಲ್ಲಾ ಬ್ಯಾಳಿ ಕಳಿಸೋ ಜಿಲ್ಲೆಯ ಕೂಸುಗಳ ಗಂಗಾಳದಾಗ ಬ್ಯಾಳಿ ತಿಳಿಸಾರು ಆಗಿರೋದು ನೋಡಿದರ ಸಂಕಟ ಆಗತದ.

ಹಾಗಂತ ಜೋಳವೊಂದೇ ಸಾಕು ಅಂತ ತಿಳಿಯಬಾರದು. ಇದಕ್ಕೆ ನಮ್ಮ ದಖ್ಖನ್ ನಾಡಿನದೇ ಪಾಠ ಇದೆ. 1956ರ ತನಕ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು. ಅದೇ ಹೈದರಾಬಾದ್ ಸೀಮೆಯ ಬಡ ಜೋಳದ ಊಟದವರಲ್ಲಿ ಪೆಲ್ಲಾಗ್ರ ಎಂಬ ರೋಗ ಕಾಣುತ್ತಿತ್ತು. ಬಿಸಿಲು ಬೀಳುವ ಜಾಗದಲ್ಲಿ, ಕುತ್ತಿಗೆ, ಮುಂಗೈ, ಪಾದದ ಮೇಲೆ ಚರ್ಮ ಕಪ್ಪಾಗಿ ಸಿಪ್ಪೆ ಏಳುವುದು, ಭೇದಿ, ಕಡೆಗೆ ಬುದ್ಧಿಭ್ರಮೆ. ಇದು ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆ. ಬೇರೆ ದೇಶಗಳಲ್ಲಿ ಗೋವಿನಜೋಳ ಉಣ್ಣುವವರಿಗೆ ಬರುತ್ತಿದ್ದ ರೋಗ ಇಲ್ಲಿ ಬಿಳಿಜೋಳ ಉಣ್ಣುವವರಿಗೆ ಏಕೆ ಎಂದು ಹೈದರಾಬಾದಿನ ಪೋಷಣಾ ಸಂಶೋಧನಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಿಂದ ಹುಡುಕಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಾಗಿರುವುದೇ ಕಾರಣ ಇರಬಹುದೆಂದು ವಾದಿಸಿದರು. ಆ ವಾದದ ಬಗ್ಗೆ ಪಂಡಿತರಲ್ಲಿ ಚರ್ಚೆ ನಡೆಯಿತು. ಆದರೆ ಬರೀ ಜೋಳ ಉಂಡ ಬಡವರಿಗೆ ಬಂದ ರೋಗ, ಜೊತೆಗೆ ಬ್ಯಾಳಿ, ಹಾಲು, ಶೇಂಗಾ ಉಂಡವರನ್ನು ಬಿಟ್ಟಿತು ಎಂಬುದು ನಮಗೆ ಸಾಕು. ಶೇಂಗಾದಲ್ಲಿ ನಯಾಸಿನ್ ತುಂಬಿದೆ. ರೊಟ್ಟಿಯ ಮಗ್ಗುಲಿಗೆ ಶೇಂಗಾ ಹಿಂಡಿ ಇಟ್ಟ ನಮ್ಮ ಅಜ್ಜಿಯರಿಗೆ ಆ ಹೆಸರು ಗೊತ್ತಿರಲಿಲ್ಲ. ಹಾಗೆಯೇ ಜೋಳದಲ್ಲಿ ಲೈಸಿನ್ ಎಂಬ ಪ್ರೋಟೀನಿನ ತುಣುಕು ಕಡಿಮೆ, ತೊಗರಿಯಲ್ಲಿ ಹೇರಳ. ರೊಟ್ಟಿ ಬ್ಯಾಳಿ ಕೂಡಿ ಉಂಡರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಎಳ್ಳ ಅಮಾಸಿಗೆ ಹೊಲದಾಗ ಚರಗ ಚೆಲ್ಲಿ ಉಣ್ಣೋ ಭಜ್ಜಿ ನೆನಸ್ರಿ: ಹಸಿ ತೊಗರಿ, ಕಡಲಿ, ಅವರಿ, ಮೆಂತ್ಯೆ, ಎಲ್ಲಾ ಸೊಪ್ಪು, ಅದರ ಜೋಡಿ ಸಜ್ಜಿ ರೊಟ್ಟಿ. ಪೌಷ್ಟಿಕ ಆಹಾರದ ಮೇಲೆ ಅದಕ್ಕಿಂತ ಒಳ್ಳೆಯ ಭಾಷಣ ನಾನು ಮಾಡಲಾರೆ. ವರ್ಷಕ್ಕೊಂದು ಸಲ ಮಾತ್ರ ಆಗ್ತದ ಅನ್ನೋದೇ ಕೊರತೆ.

2013ರಲ್ಲಿ ಅನ್ನಭಾಗ್ಯ ಬಂತು, ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ಬಂತು, ಹಸಿದು ಮಲಗೋದು ತಪ್ಪಿತು. ಅದನ್ನು ಹಗುರವಾಗಿ ಮಾತಾಡುವವರ ಸಾಲಿಗೆ ನಾನು ಸೇರುವುದಿಲ್ಲ. ಆದರೆ ಎರಡು ಹೊತ್ತು ರೊಟ್ಟಿ ಇದ್ದ ಮನೆಯಲ್ಲಿ ಎರಡು ಹೊತ್ತೂ ಅನ್ನ, ಜೊತೆಗೆ ನೀರು ಸಾರು ಆದಾಗ ನಾರು, ಕಬ್ಬಿಣ ಇಳಿಯುತ್ತದೆ. ಇಲ್ಲಿ ಗಂಡಸರಿಗೆ ಒಂದು ಮಾತು. ಜೋಳ ಉಣ್ಣಬೇಕು ಅಂತ ಕಟ್ಟೀ ಮ್ಯಾಲ ಕುಂತು ಹೇಳೋದು ಸುಲಭ, ಹೊಲದ ಕೆಲಸ ಮಾಡಿ ಬಂದು ಇಪ್ಪತ್ತು ರೊಟ್ಟಿ ಬಡಿಯೋ ಕೈ ಯಾರದು? ಈಗ ಕಲಬುರಗಿ ರೊಟ್ಟಿ ಅಂತ ಹೆಸರಿಟ್ಟು ಮಹಿಳಾ ಸ್ವಸಹಾಯ ಸಂಘಗಳು ರೊಟ್ಟಿ ಮಾಡಿ ಮಾರುತ್ತಿವೆ. ಕೊಂಡು ಉಂಡರೂ ತಪ್ಪಿಲ್ಲ, ಮನೆಯ ಗಂಡಸು ಹಿಟ್ಟು ನಾದಿಕೊಟ್ಟರೂ ತಪ್ಪಿಲ್ಲ.

ಕೊನೆಯದಾಗಿ ರಕ್ತಹೀನತೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 48 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತ ಕಡಿಮೆ ಇತ್ತು. ಹಿಮೋಗ್ಲೋಬಿನ್ ಹೆಣ್ಣುಮಕ್ಕಳಲ್ಲಿ 12, ಬಸುರಿಯಲ್ಲಿ 11, ಗಂಡಸರಲ್ಲಿ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ತಾಯಿ ಕಾರ್ಡಿನ ಮೇಲೆ ಬರೆದ ಆ ಅಂಕಿ ಏನು ಅಂತ ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು. ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣ ಸಾಕಾದರೆ ಹೆಣ್ಣಿಗೆ 29 ಬೇಕು, ಆದರೆ ಮನೆಯಲ್ಲಿ ಕಡೆಗೆ ಉಣ್ಣುವವಳು, ತಳದ್ದು ಉಣ್ಣುವವಳು ಅವಳೇ. ಕಾಳು, ಸೊಪ್ಪಿನ ಕಬ್ಬಿಣ ಕರುಳಿನಲ್ಲಿ ಸುಲಭವಾಗಿ ಹೀರುವುದಿಲ್ಲ. ಹುಳಿ ಇದ್ದರೆ ಹೆಚ್ಚು ಹೀರುತ್ತದೆ, ಊಟದ ಬೆನ್ನಿಗೆ ಚಹಾ ಕುಡಿದರೆ ಕಡಿಮೆ. ಪಲ್ಯಕ್ಕೆ ಲಿಂಬಿಹಣ್ಣು ಹಿಂಡಿಕೊಳ್ರಿ, ಚಹಾ ಒಂದು ತಾಸು ತಡಾ ಮಾಡ್ರಿ. ಬರಿಗಾಲಲ್ಲಿ ಅಡ್ಡಾಡುವ ಮಕ್ಕಳ ಕರುಳಲ್ಲಿ ಕೊಕ್ಕೆಹುಳು ಸೇರಿ ರಕ್ತ ಹೀರುತ್ತದೆ, ಶಾಲೆಯಲ್ಲಿ ಕೊಡುವ ಜಂತುಹುಳದ ಗುಳಿಗೆಯನ್ನು ತಪ್ಪಿಸಬಾರದು.

2021ರ ಡಿಸೆಂಬರಿನಲ್ಲಿ ಕಲಬುರಗಿಯೂ ಸೇರಿದಂತೆ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ತತ್ತಿ ಕೊಡಲು ಶುರು ಮಾಡಿದರು, ತಿನ್ನದವರಿಗೆ ಬಾಳೆಹಣ್ಣು. ವಾದವಿವಾದ ಬಹಳ ಆಯಿತು. ತತ್ತಿ ತಿಂದ ಯಾದಗಿರಿಯ ಮಕ್ಕಳ ತೂಕ, ಕೊಡದ ಗದಗದ ಮಕ್ಕಳಿಗಿಂತ ಹೆಚ್ಚು ಏರಿದ್ದು ಅಳತೆಯಲ್ಲಿ ಕಂಡಿತು, ಮರುವರ್ಷ ರಾಜ್ಯಕ್ಕೆಲ್ಲಾ ವಿಸ್ತರಿಸಿದರು. ಒಂದು ತತ್ತಿಯಲ್ಲಿ 6 ಗ್ರಾಂ ಪ್ರೋಟೀನ್, ಜೋಳದಲ್ಲಿ ಕೊರತೆ ಇರುವ ಲೈಸಿನ್ ಸಮೇತ. ತಿನ್ನೋದು ಬಿಡೋದು ಅವರವರ ಮನೆಯ ಪದ್ಧತಿ. ತಿನ್ನದ ಮನೆಯವರು ಹಾಲು, ಮೊಸರು, ಗಟ್ಟಿ ಬ್ಯಾಳಿಯಿಂದ ಆ ಲೆಕ್ಕ ತುಂಬಬೇಕು, ಅಂಗಡಿಯ ಕುರುಕಲು ಪಾಕೀಟಿನಿಂದ ತುಂಬುವುದಿಲ್ಲ.

(ಉಪನ್ಯಾಸದ ನಂತರ ಸಭೆಯಲ್ಲಿ ತಾಯಿಯೊಬ್ಬರು, “ಸರ, ಕೂಸಿಗಿ ಭೇದಿ ಆದಾಗ ಅನ್ನದ ಗಂಜಿ, ಮಜ್ಜಿಗಿ ಕೊಡಬಹುದೇನ್ರಿ? ಮತ್ತ ವಾಂತಿ ಮಾಡಕೊಂಡರ?” ಎಂದು ಕೇಳಿದರು. ಅದಕ್ಕೆ ಕೊಟ್ಟ ಉತ್ತರ:)

ಆರು ತಿಂಗಳು ದಾಟಿದ ಕೂಸಿಗಿ ಕೊಡಬಹುದು ತಾಯಿ, ಚಿಟಿಕಿ ಉಪ್ಪು ಹಾಕಿ ತೆಳ್ಳಗಿನ ಗಂಜಿ ಕೊಡ್ರಿ, ಮಜ್ಜಿಗಿ ಕೊಡ್ರಿ, ಮೆತ್ತಗಿನ ಬ್ಯಾಳಿ-ಅನ್ನ ಕೊಡ್ರಿ. ಆರು ತಿಂಗಳೊಳಗಿನ ಕೂಸಿಗಿ ಎದಿಹಾಲು ಮತ್ತು ಓಆರ್‌ಎಸ್ ಬಿಟ್ಟು ಬ್ಯಾರೆ ಏನೂ ಬ್ಯಾಡ. ವಾಂತಿ ಆದರ ಹತ್ತು ನಿಮಿಷ ತಡೆದು, ಮತ್ತ ಒಂದೊಂದೇ ಚಮಚ ಕುಡಸ್ರಿ, ಎರಡು ಮೂರು ನಿಮಿಷಕ್ಕ ಒಂದು ಚಮಚ. ಲೋಟ ಬಾಯಿಗಿಟ್ಟು ಗಟಗಟ ಕುಡಸಬ್ಯಾಡ್ರಿ. ಒಂದು ಚಮಚನೂ ನಿಲ್ಲದಂಗ ವಾಂತಿ ಆಗಾಕತ್ತಿದರ, ಕೂಸು ಕಣ್ಣು ತೆರೀದ ಮಂಪರಿನಾಗ ಇದ್ದರ, ರಾತ್ರಿ ಆಗ್ಯಾದ, ಮುಂಜಾನಿ ನೋಡೋಣು ಅನಬ್ಯಾಡ್ರಿ. ದಾರಿಯುದ್ದಕ್ಕೂ ಚಮಚದಿಂದ ಕುಡಿಸ್ತಾ ದವಾಖಾನಿಗಿ ಕರಕೊಂಡು ಹೋಗ್ರಿ.